ರೆಡ್‌ವುಡ್ ಸಿಟಿಯ ಹ್ಯಾಬ್ಸ್‌ಬರ್ಗರು

ಹ್ಯಾಬ್ಸ್‌ಬರ್ಗ್ ಮನೆತನವು ಯುರೋಪಿನ ಬಹುಭಾಗವನ್ನು ಶತಮಾನಗಳ ಕಾಲ ಆಳಿ, ಮೊದಲನೇ ಮಹಾಯುದ್ಧದ ಕೊನೆಗೆ ಅಧಿಕಾರ ಕಳೆದುಕೊಂಡಿತು. ಅದೇ ಮನೆತನದ ಪದ್ಧತಿಯು ರೆಡ್‌ವುಡ್ ಸಿಟಿಯ ನಮ್ಮ ಕನ್ನಡ ಬಳಗದಲ್ಲಿ ಈ ವರ್ಷದಿಂದ ಜಾರಿಗೆ ಬಂದಿದೆ.

ಕಾರಣ, ಒಂದು ಸ್ಕೂಲ್ ಪ್ರಾಜೆಕ್ಟು. ನಮ್ಮಲ್ಲಿ ಮಕ್ಕಳ ಪ್ರಾಜೆಕ್ಟನ್ನು ಅಪ್ಪ ಅಮ್ಮಂದಿರೇ ಮಾಡುವುದು. ಬಳಗದ ಅಧ್ಯಕ್ಷ ಗುರುಪ್ರಸಾದರು ಮಗ ಕುಶಲನ ಪರವಾಗಿ ವೀಕೆಂಡೆಲ್ಲ ಕೂತು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಚಾರ್ಟು ತಯಾರಿಸಿದರು. ಮಗನಿಗೆ ಎ ಗ್ರೇಡು ಬಂತು. ಸಾಮ್ರಾಜ್ಯ ಅಪ್ಪನ ತಲೆಗೇರಿತು.

ಅವರ ಅವಧಿ ಮುಗಿದಿತ್ತು. ಮುಂದಿನ ಅಧ್ಯಕ್ಷೆ ಮಹಮೂದಾ ಅಂತಲೇ ಎಲ್ಲರೂ ಮಾತಾಡಿಕೊಂಡಿದ್ದೆವು. ಶನಿವಾರದ ಕನ್ನಡ ಕ್ಲಾಸು ನಡೆಸುವವರು ಅವರೇ. ಕ್ಲಾಸು ನಡೆಯುವ ಹಾಲ್ ಬ್ಯಾಡ್ಮಿಂಟನ್ ಆಡುವವರ ಪಾಲಾಗದಿರಲು ಅವರಿಗೆ ಆ ಕುರ್ಚಿ ಬೇಕಿತ್ತು. ಪಾಪ, ಬಾಯಿಬಿಟ್ಟು ಕೇಳಿಯೂ ಇದ್ದರು.

ವಾರ್ಷಿಕ ಸಭೆಯಲ್ಲಿ ಗುರುಪ್ರಸಾದರು ಚಾರ್ಟು ಬಿಚ್ಚಿದರು. “ಅಲ್ಲೂ ಎಲೆಕ್ಷನ್ ಇತ್ತು ಕಣ್ರೀ. ಗೆಲ್ಲೋರು ಮಾತ್ರ ಅದೇ ಮನೆಯವರು. ಅದಕ್ಕೇ ಅಷ್ಟು ವರ್ಷ ನಡೀತು.”

“ಅಂದ್ರೆ ನಾನು ನಿಲ್ಲಬಾರದಾ ಸರ್?” ಎಂದರು ಮಹಮೂದಾ.

“ಛೆ ಛೆ, ಧಾರಾಳವಾಗಿ ನಿಲ್ಲಿ ಮೇಡಂ. ಯಾವ ಮನೆಯವರು ಅಂತ ನೋಡ್ತೀವಿ, ಅಷ್ಟೇ.”

ಹ್ಯಾಬ್ಸ್‌ಬರ್ಗ್ ವಂಶಕ್ಕೆ ಮುಂದೆ ಚಾಚಿದ ಗದ್ದವೇ ಗುರುತಾದ ಕಾರಣ, ಗದ್ದ ಪರಿಶೀಲನಾ ಉಪಸಮಿತಿಯನ್ನು ರಚಿಸಲಾಯಿತು. ಕುಶಲನದು ಅಪ್ಪನ ಗದ್ದವೇ ಎಂದು ತಾಯಿ ವೇದವತಿ ದೃಢೀಕರಿಸಿದರು. ಮಹಮೂದಾ ಅವರ ಗದ್ದ ನಿಯಮಕ್ಕೆ ಹೊಂದಲಿಲ್ಲ. ಹನ್ನೊಂದು ವರ್ಷದ ಕುಶಲ ಅವಿರೋಧವಾಗಿ ಆಯ್ಕೆಯಾದ. ನಾನೂ ಚಪ್ಪಾಳೆ ತಟ್ಟಿದೆ, ಬಿಸಿಬೇಳೆಬಾತು ಆರಿಹೋಗುತ್ತಿತ್ತು.

“ಅಧ್ಯಕ್ಷರ ಮೊದಲ ಅಪ್ಪಣೆ ಏನು?” ಎಂದು ಕೇಳಲಾಯಿತು.

ಕುಶಲ ಫೋನಿನಿಂದ ತಲೆ ಎತ್ತಿದ. “ನೋ ಮೋರ್ ಕನ್ನಡ ಕ್ಲಾಸ್.”

ಸಭೆಯಲ್ಲಿ ತೀವ್ರ ಆಕ್ಷೇಪ ವ್ಯಕ್ತವಾಯಿತು. ಕನ್ನಡ ಬಳಗದಲ್ಲಿ ಇಂಗ್ಲಿಷ್ ಆಜ್ಞೆಯೇ? ನಮಗೇನು ಭಾಷಾಭಿಮಾನ ಇಲ್ಲವೇ? ಆಜ್ಞೆ ಕನ್ನಡದಲ್ಲೇ ಹೊರಡಬೇಕೆಂದು ಪಟ್ಟು ಹಿಡಿದೆವು. ತಪ್ಪಿಲ್ಲದೆ ಬರೆಯಬಲ್ಲವರು ಮಹಮೂದಾ ಒಬ್ಬರೇ.

ಅವರು ಬೋರ್ಡಿನ ಹತ್ತಿರ ಹೋದರು. ಕಳೆದ ಶನಿವಾರದ ಒತ್ತಕ್ಷರಗಳು ಹಾಗೇ ಇದ್ದವು. ಒರೆಸಿ ಬರೆದರು: “ಇಂದಿನಿಂದ ಕನ್ನಡ ತರಗತಿ ಇರುವುದಿಲ್ಲ.”

“ಅಬ್ಬಾ, ಎಂಥಾ ಅಕ್ಷರ ರೀ, ಮುತ್ತು ಪೋಣಿಸಿದ ಹಾಗಿದೆ!” ಎಂದು ಎಲ್ಲರೂ ಫೋಟೋ ತೆಗೆದುಕೊಂಡೆವು.

“ವಾಟ್ ಡಸ್ ಇಟ್ ಸೇ?” ಎಂದ ಅಧ್ಯಕ್ಷ.

ಮಹಮೂದಾ ಅಭ್ಯಾಸಬಲದಿಂದ ಮೊದಲ ಅಕ್ಷರಕ್ಕೆ ಬೆರಳಿಟ್ಟರು. “ಇದು ‘ಇ’. ಎಲ್ಲಿ, ಹೇಳು ಮರಿ.”

ಆಜ್ಞೆ ಮೀರಿ ತರಗತಿ ನಡೆಸಿದ್ದಕ್ಕಾಗಿ ಅವರಿಗೆ ಬಳಗದಿಂದ ನೋಟಿಸು ಹೋಗಿದೆ. ಅದರ ಕನ್ನಡವನ್ನೂ ಅವರೇ ತಿದ್ದಿಕೊಟ್ಟರು.