ಶಾಮಣ್ಣನವರ ಡಬ್ಬಿಶುದ್ಧಿ

ಹೆಂಡತಿಯ ಮೂಗಿನ ವಿಷಯದಲ್ಲಿ ಶಾಮಣ್ಣನವರಿಗೆ ಭಯಕ್ಕಿಂತ ಗೌರವವೇ ಹೆಚ್ಚು. ಗೋರೆಗಾಂವ್‌ನ ತಮ್ಮ ಚಾಳಿನ ಸಾಲುಮನೆಗಳಲ್ಲಿ ಯಾರ ಮನೆಯ ಹಾಲು ತಳ ಹಿಡಿಯಿತು, ಯಾರ ಮೊಸರು ಹುಳಿಯಾಯಿತು ಎಂಬುದನ್ನು ಸುಬ್ಬಲಕ್ಷ್ಮಿ ಒಲೆಯ ಮುಂದೆ ಕೂತೇ ಹೇಳಬಲ್ಲರು. (ಇಂಥ ಮೂಗನ್ನು ಪೊಲೀಸರು ಇನ್ನೂ ಕರೆದೊಯ್ದಿಲ್ಲವಲ್ಲ ಎಂದು ಶಾಮಣ್ಣನವರಿಗೆ ಆಶ್ಚರ್ಯ, ಒಮ್ಮೊಮ್ಮೆ ಬೇಸರ.)

ಅದು ಚಾತುರ್ಮಾಸ್ಯ. ನಾಲ್ಕು ತಿಂಗಳು ಈರುಳ್ಳಿ ನಿಷಿದ್ಧ. ಈರುಳ್ಳಿ ಸೋಕಿದ ಪಾತ್ರೆಯಾಗಲಿ, ತಿಂದ ಗಂಡನಾಗಲಿ ಕಾರ್ತಿಕದವರೆಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಎಲ್ಲರೂ ಓಡಾಡುವ ಹೊರಗಿನ ಗ್ಯಾಲರಿಯಲ್ಲೇ ಊಟ ಎಂದು ಗೃಹಸರ್ಕಾರದ ಆಜ್ಞೆಯಾಗಿತ್ತು. ಇಡೀ ಚಾಳಿನ ಎದುರು ಗ್ಯಾಲರಿಯಲ್ಲಿ ಕೂತು ಉಣ್ಣುವುದೆಂದರೆ ಹೆಡ್ ಕ್ಲಾರ್ಕ್ ಶಾಮಣ್ಣನವರ ಮಾನ ಉಳಿಯುವುದುಂಟೆ?

ಆದರೂ ನಾಲಿಗೆ ಕೇಳಬೇಕಲ್ಲ! ಒಂದು ಮಧ್ಯಾಹ್ನ ತಮ್ಮ ಆಫೀಸಿದ್ದ ಫೋರ್ಟಿನ ಉಡುಪಿ ಹೋಟೆಲಿನಿಂದ ಈರುಳ್ಳಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಆಫೀಸಿನಲ್ಲಿ ಯಾರೂ ಪಾಲು ಕೇಳದಿರಲೆಂದು ಉಂಡು ಖಾಲಿಯಾದ ತಮ್ಮ ಡಬ್ಬಿಯೊಳಗೆ ಬಚ್ಚಿಟ್ಟು ತಿಂದರು. ತಿಂದಾದ ಮೇಲೆ ಮುಚ್ಚಳ ಮೂಸಿದರೆ ಬರೀ ಈರುಳ್ಳಿ! ಖಾಲಿ ಡಬ್ಬಿ ಮನೆಗೆ ಒಯ್ಯಲು ಬಂದ ಡಬ್ಬಾವಾಲಾನನ್ನು ಬರಿಗೈಲಿ ಕಳಿಸಿ, ಡಬ್ಬಿ ಎತ್ತಿಕೊಂಡು ಮತ್ತೆ ಹೋಟೆಲಿಗೆ ಓಡಿದರು.

ಅಡುಗೆಯ ಪೂವಪ್ಪ ನಕ್ಕ. "ಸೋಪಿನಿಂದ ಹೋಗ್ಲಿಕ್ಕಿಲ್ಲ ಮಾರಾಯ್ರೆ. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ. ಮತ್ತೆ ಲಿಂಬೆ ಸಿಪ್ಪೆ ಹಾಕಿ ನೀರು ಕುದಿಸುವ."

ಜನ್ಮದಲ್ಲಿ ಒಂದು ಲೋಟ ತೊಳೆಯದ ಶಾಮಣ್ಣನವರು ಅರ್ಧ ದಿನ ರಜೆ ಹಾಕಿ ತಿಕ್ಕಿದರು. ಡಬ್ಬಿ ನಿರ್ಗಂಧವಾಯಿತು. ಬಾಯಿಗೆ ಆರು ಏಲಕ್ಕಿ ಹಾಕಿಕೊಂಡು ಲೋಕಲ್ ರೈಲು ಹತ್ತಿದರು.

ಮನೆಯಲ್ಲಿ ಸುಬ್ಬಲಕ್ಷ್ಮಿ ಡಬ್ಬಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಏನೂಂದ್ರೆ, ಇದನ್ನ ಯಾರು ತೊಳೆದ್ರು?"

"ನಾ... ನಾನೇ. ಯಾಕೆ?"

"ಮೂರು ವರ್ಷದಿಂದ ತಿಕ್ತಾ ಇದೀನಿ, ಇದರ ಇಂಗಿನ ವಾಸನೆ ಹೋಗಿರಲಿಲ್ಲ. ಒಂದೇ ದಿನಕ್ಕೆ ಓಡಿಸಿಬಿಟ್ರಲ್ಲಾ! ಎಂಥ ಕೈ ರೀ ನಿಮ್ದು!"

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಬಂದ ಮೊದಲ ಹೊಗಳಿಕೆ! ಶಾಮಣ್ಣನವರು ಪೂರಿಯಂತೆ ಉಬ್ಬಿದರು. ಹುಣಸೆಹುಳಿ, ಬೂದಿ, ಲಿಂಬೆ ಸಿಪ್ಪೆ ಎಲ್ಲವನ್ನೂ ಕೈ ಬೀಸಿ ಬೀಸಿ ವರ್ಣಿಸಿದರು. ಸುಬ್ಬಲಕ್ಷ್ಮಿ ಕಣ್ಣರಳಿಸಿ ಕೇಳಿದರು.

"ಅಷ್ಟಕ್ಕೇ ಇಂಗು ಹೋಗತ್ತೆ ಅಂದ್ರೆ ನಂಬಕ್ಕೇ ಆಗಲ್ಲಪ್ಪ!"

"ಅಯ್ಯೋ ಹುಚ್ಚಿ, ಈರುಳ್ಳಿ ವಾಸನೇನೇ ಹೋಯ್ತು, ಇಂಗು ಯಾವ ಲೆಕ್ಕ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಏನು ಪ್ರಯೋಜನ? ಸುಬ್ಬಲಕ್ಷ್ಮಿ ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟರು. ಗಂಡನ ಮಣೆಯನ್ನೂ ತಟ್ಟೆಯನ್ನೂ ತಂದು ಗ್ಯಾಲರಿಯಲ್ಲಿ ಇಟ್ಟರು.

"ಡಬ್ಬಿ ಶುದ್ಧವಾಗಿದೆ, ಒಳಗಿರಲಿ. ನಿಮ್ಮನ್ನ ಯಾವ ಬೂದೀಲಿ ತಿಕ್ಕೋದು?"

ಆಗಿನ್ನೂ ಆಷಾಢವೇ ಮುಗಿದಿರಲಿಲ್ಲ.