ಕೆರೆಯ ದಂಡೆಯಲ್ಲಿ ನಮ್ಮ ಫ್ಯಾಮಿಲಿ

ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದಾರೆ ಎಂದ ಮಾತ್ರಕ್ಕೆ ಅವರು ದಿನಾ ಭೇಟಿಯಾಗುತ್ತಾರೆ ಎಂದು ಯಾರೂ ತಿಳಿಯಬಾರದು. ಪುಣೆಯ ಖಡಕಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು, ನನ್ನ ಹೆಂಡತಿ ಸುಮಿತ್ರಾ, ನಮ್ಮವ್ವ ಮತ್ತು ಅವ್ವನ ಟಿ.ವಿ. ವಾಸವಾಗಿದ್ದೇವೆ. ಇದರ ಮೇಲೆ ಧಾರವಾಡ, ಬೆಳಗಾವಿ ಕಡೆಯ ನೆಂಟರು. ಪುಣೆಗೆ ಕಣ್ಣು ತೋರಿಸಲು, ಕನ್ಯೆ ನೋಡಲು, ರೈಲು ಬದಲಿಸಲು ಬಂದವರೆಲ್ಲ ಇಳಿಯುವುದು ನಮ್ಮಲ್ಲೇ. ಬರಲಿ ಪಾಪ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಗದ್ದಲದಲ್ಲಿ ಸುಮಿತ್ರಾ ನನ್ನ ಪಾಲಿಗೆ ಅಡಿಗೆಮನೆಯಿಂದ ಬರುವ ಒಂದು ದನಿಯಾಗಿಬಿಟ್ಟಿದ್ದಾಳೆ. "ಚಹಾ ಆರಿ ಹೋಗ್ತದ ನೋಡ್ರಿ." "ಬರಬೇಕಾದ್ರ ಕೊತ್ತಂಬರಿ ತರ್ರಿ." ಇಷ್ಟೇ. ಆಫೀಸಿನಲ್ಲಿ ಕೂತಾಗ ಒಮ್ಮೊಮ್ಮೆ ಅವಳ ನೆನಪು ಬಂದುಬಿಡುತ್ತದೆ. ಹೆಂಡತಿ ತವರಿಗೆ ಹೋದಾಗ ನೆನಪಾಗುವುದು ಎಲ್ಲರಿಗೂ ಇದ್ದದ್ದೇ. ಮನೆಯಲ್ಲೇ ಇರುವವಳ ನೆನಪು ಕಾಡುವುದು ಯಾವ ಜಾತಿಯ ರೋಗವೋ ನನಗೆ ಗೊತ್ತಿಲ್ಲ.

ನನ್ನ ಆಫೀಸು ಇರುವುದು ಪುಣೆಯ ಕ್ಯಾಂಪ್ ಎಂಬ ಭಾಗದಲ್ಲಿ. ಇಷ್ಟು ವರ್ಷ ಕ್ಯಾಂಪಿನಲ್ಲೇ ನೌಕರಿ ಮಾಡಿಯೂ ಕ್ಯಾಂಪಿಂಗ್ ಎಂಬುದನ್ನು ಒಮ್ಮೆಯೂ ಮಾಡಿರಲಿಲ್ಲ. ಆಫೀಸಿನ ಹುಡುಗರು ಸೋಮವಾರ ಬಂದರೆ ಸಾಕು, ಮೊಬೈಲು ಹಿಡಿದು ಪವನಾ ಕೆರೆಯ ಫೋಟೋ ತೋರಿಸುತ್ತಾರೆ. ಸುತ್ತಲೂ ಗುಡ್ಡ, ನಡುವೆ ನೀರು, ದಂಡೆಯ ಮೇಲೆ ಟೆಂಟುಗಳು, ಬೆಳಗಿನ ಮಂಜು. ನೋಡುತ್ತಿದ್ದಂತೆ ನನಗೊಂದು ಆಸೆ ಹುಟ್ಟಿತು. ಅಲ್ಲಿ ಸುಮಿತ್ರಾಳ ಪಕ್ಕ ಕೂತು ಒಂದೇ ಒಂದು ಮಾತು ಹೇಳಬೇಕು: "ಸುಮಿ, ನೀ ಮನ್ಯಾಗ ಇದ್ದರೂ ನನಗ ನಿನ್ನ ನೆನಪು ಭಾಳ ಆಗ್ತದ." ಮನೆಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಪ್ರಯತ್ನಪಟ್ಟೆ ಸ್ವಾಮಿ. "ಸುಮಿ, ನಿನ್ನ ನೆನಪು" ಎನ್ನುವಷ್ಟರಲ್ಲಿ ಹೊರಗಿನ ಕೋಣೆಯಿಂದ "ಯಾರ ನೆನಪೋ? ಯಾರಿಗೆ ಏನಾತೋ?" ಎಂದು ಅವ್ವ ಕೂಗಿದಳು. ಅವ್ವನಿಗೆ ಕಿವಿ ಮಂದ. ಪಿಸುಮಾತು ಮಾತ್ರ ಸ್ವಚ್ಛ ಕೇಳಿಸುತ್ತದೆ.

ಜೋರಾಗಿ ಹೇಳಿದ್ದು ಆಕೆಗೆ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಇದನ್ನು ಕೇಳಿ. ಮರಾಠಿಯಲ್ಲಿ ಅಣೆಕಟ್ಟಿಗೆ ಧರಣ ಎನ್ನುತ್ತಾರೆ, ಊರಿಗೆ ಊರೇ ಆ ಅಣೆಕಟ್ಟಿನ ಕೆರೆಯನ್ನು ಪವನಾ ಧರಣ ಎಂದೇ ಕರೆಯುತ್ತದೆ. ನಾನೂ "ಅವ್ವಾ, ಶನಿವಾರ ನಾವಿಬ್ಬರೂ ಧರಣಕ್ಕ ಹೋಗ್ತೀವಿ" ಎಂದೆ. ಅವ್ವ ಗಾಬರಿಯಾಗಿ, "ಧರಣಿ ಕೂಡಾಕ ಹೊಂಟೀಯೇನೋ? ಯಾಕ, ಪಗಾರ ಆಗಿಲ್ಲೇನು?" ಎಂದಳು. ಧರಣಿಯಲ್ಲ, ನೀರಿನ ದಂಡೆಯ ಮೇಲೆ ಟೆಂಟಿನಲ್ಲಿ ಇದ್ದು ಬರುವುದು ಎಂದು ಬಿಡಿಸಿ ಹೇಳಿದ ಮೇಲೆ ಇನ್ನೂ ಕೆಟ್ಟಿತು. "ಚಲೋ ಮನಿ ಬಿಟ್ಟು ಟೆಂಟಿನ್ಯಾಗ? ಹೋಗೂದಾದ್ರ ನೀ ಹೋಗಪಾ, ಸುಮಿತ್ರಾನ್ನ ಯಾಕ ಕರ್ಕೊಂಡು ಹೋಗ್ತಿ?" ಕಡೆಗೆ ಚಿಂಚವಾಡದ ನನ್ನ ತಂಗಿಯನ್ನು ಅವ್ವನ ಹತ್ತಿರ ಇರಲು ಕರೆಸಿ, ಒಪ್ಪಿಗೆ ಪಡೆದೆ.

ಎಡವಟ್ಟಾದದ್ದು ಟೆಂಟು ಕಾದಿರಿಸುವಾಗ. ಫೋನಿನಲ್ಲಿ ಟೆಂಟಿನವನು "ಕಪಲ್ ಕೀ ಫ್ಯಾಮಿಲಿ?" ಎಂದು ಕೇಳಿದ. ಕಪಲ್ಲೋ, ಫ್ಯಾಮಿಲಿಯೋ ಅಂತ. ಸುತ್ತಲೂ ಆಫೀಸಿನವರ ಕಿವಿ. ಮೀಸೆ ಬೆಳ್ಳಗಾದವನು ಕಪಲ್ ಎಂದು ಯಾವ ಬಾಯಿಂದ ಹೇಳಲಿ? ಅದೂ ಅಲ್ಲದೆ ನಮ್ಮ ಕಡೆಯ ಗಂಡಸರು ಹೆಂಡತಿಯನ್ನು ಹೆಂಡತಿ ಎಂದು ಎಲ್ಲಿ ಕರೆಯುತ್ತಾರೆ? "ನಮ್ಮ ಫ್ಯಾಮಿಲಿ ಊರಿಗೆ ಹೋಗ್ಯಾರ್ರಿ" ಎಂದರೆ ಹೆಂಡತಿ ಊರಿಗೆ ಹೋಗಿದ್ದಾಳೆ ಎಂದೇ ಅರ್ಥ. ನಾನು ಗತ್ತಿನಿಂದ "ಫ್ಯಾಮಿಲಿ, ಫ್ಯಾಮಿಲಿ" ಎಂದೆ.

ಶನಿವಾರ ಲೋನಾವಳಾ ಲೋಕಲ್ ಹಿಡಿದು ಕಾಮಶೇತಿನಲ್ಲಿ ಇಳಿದೆವು. ಸುಮಿತ್ರಾಳಿಗೆ "ಅಲ್ಲಿ ಏನೋ ಮಾತಾಡೂದದ" ಎಂದಷ್ಟೇ ಹೇಳಿ, ದಾರಿಯುದ್ದಕ್ಕೂ ಆ ಮಾತನ್ನು ಮನಸ್ಸಿನಲ್ಲೇ ತಿದ್ದಿದ್ದೆ. ಅಲ್ಲಿಂದ ಹತ್ತಿದ ಜೀಪು ಗುಡ್ಡ ದಾಟಿ ಕೆರೆ ಕಂಡಾಗ ಸುಮಿತ್ರಾ "ಅಯ್ಯ, ಎಷ್ಟ ಛಂದ ಅದ ಅಲ್ರೀ!" ಎಂದು ನನ್ನ ತೋಳು ಹಿಡಿದಳು. ಆಗಲೇ ಹೇಳಿಬಿಡಬೇಕಿತ್ತು. ನಿಧಾನಕ್ಕೆ ಹೇಳಿದರಾಯಿತು, ಹೇಗೂ ಟೆಂಟು ಇದೆ ಎಂದುಕೊಂಡೆ. ಟೆಂಟು ಇತ್ತು. ಫ್ಯಾಮಿಲಿಯವರಿಗೆ ಎರಡು ದೊಡ್ಡ ಟೆಂಟು: ಹೆಂಗಸರಿಗೊಂದು, ಗಂಡಸರಿಗೊಂದು. ಬಾರಾಮತಿಯಿಂದ ಬಂದ ಒಂದು ತುಂಬು ಕುಟುಂಬ ಆಗಲೇ ಅವೆರಡನ್ನೂ ತುಂಬಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಗಸರು "ಯಾ ವಹಿನೀ, ಯಾ!" ಅಂದರೆ ಬನ್ನಿ ಅತ್ತಿಗೆ, ಬನ್ನಿ ಎಂದು ಸುಮಿತ್ರಾಳನ್ನು ಕೈಹಿಡಿದು ಒಳಗೆ ಕರೆದುಕೊಂಡರು. ನಾವಿಬ್ಬರೇ ತಿನ್ನಲೆಂದು ಅವಳು ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟೂ ಅವಳ ಸಂಗಡವೇ ಹೋಯಿತು.

ನನ್ನ ಪಾಲಿಗೆ ಸಿಕ್ಕವರು ಆ ಮನೆಯ ಹಿರಿಯ ಕಾಕಾ. ನನ್ನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಕಬ್ಬಿನ ಬಗ್ಗೆ ಹೇಳತೊಡಗಿದರು. ಕಬ್ಬಿಗೆ ನೀರು ಯಾವಾಗ ಬಿಡಬೇಕು, ಯಾವಾಗ ಬಿಡಬಾರದು, ಬಿಟ್ಟರೆ ಏನಾಗುತ್ತದೆ. ನಾನು ಹೂಂ ಹೂಂ ಎನ್ನುತ್ತಿದ್ದರೂ ಕಿವಿ ಇದ್ದದ್ದು ಪಕ್ಕದ ಟೆಂಟಿನ ಕಡೆ. ಅಲ್ಲಿ ಸುಮಿತ್ರಾ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ನಗುತ್ತಿದ್ದಳಲ್ಲ, ಅದೇ ನಗು. ಯಾವುದಕ್ಕೆ ನಗುತ್ತಿದ್ದಾಳೆಂದು ಹೋಗಿ ಕೇಳುವ ಆಸೆಯಾಯಿತು. ನಡುವೆ ಒಂದು ಬಟ್ಟೆಯ ಗೋಡೆ ಅಷ್ಟೇ ಇತ್ತು. ಖರೆ ಹೇಳುತ್ತೇನೆ, ನನಗೆ ಅಳು ಬರುವಂತಾಯಿತು.

ಬೆಳಿಗ್ಗೆ ಎದ್ದು ನೀರಿನ ಹತ್ತಿರ ಹೋಗಿ ಒಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಸುಮಿತ್ರಾ ಎರಡು ಕಪ್ ಚಹಾ ಹಿಡಿದು ಬಂದು ಪಕ್ಕದಲ್ಲೇ ಕೂತಳು. ಫೋಟೋದಲ್ಲಿದ್ದ ಅದೇ ಮಂಜು, ಅದೇ ಗುಡ್ಡ, ಸುತ್ತ ಒಂದು ನರಪಿಳ್ಳೆ ಇಲ್ಲ. "ಏನೋ ಮಾತಾಡೂದದ ಅಂದಿದ್ರಲ್ಲ, ಏನ್ರೀ?" ಎಂದು ನನ್ನ ಮುಖ ನೋಡಿದಳು. ಕಪ್ಪನ್ನು ಕಲ್ಲಿನ ಮೇಲಿಟ್ಟೆ. ಬಾಯಿಂದ ಬಂದದ್ದು: "ಗೀಜರ್ ಬಂದ್ ಮಾಡೀಯೇನು?"

"ಮನ್ಯಾಗ ನಿಮ್ಮ ತಂಗಿ ಇಲ್ಲೇನ್ರಿ? ಆಕಿ ಜಳಕ ಮಾಡೂದು ಬ್ಯಾಡೇನು? ಇದನ್ನ ಕೇಳಾಕ ಇಷ್ಟ ದೂರ ಕರ್ಕೊಂಡು ಬಂದ್ರಾ?" ನಾನು "ಹಂಗಲ್ಲ..." ಎಂದೆ. ಅವಳು ಕಾದಳು. ಅದು ನನಗೆ ಚೆನ್ನಾಗಿ ನೆನಪಿದೆ, ಅವಳು ಕಾದಳು. ಅಷ್ಟರಲ್ಲಿ ಟೆಂಟಿನ ಕಡೆಯಿಂದ "ವಹಿನೀ!" ಎಂದು ಕೂಗು ಬಂತು. ಚಹಾ ಮುಗಿಸಿ, ನನ್ನ ಕಪ್ಪನ್ನೂ ತೆಗೆದುಕೊಂಡು ಎದ್ದು ಹೋದಳು.

ಆ ಮಾತು ಇನ್ನೂ ನನ್ನಲ್ಲೇ ಇದೆ. ಅದನ್ನು ಮುಖಪರಿಚಯವೂ ಇಲ್ಲದ ನಿಮಗೆ ಎಷ್ಟು ಸರಾಗವಾಗಿ ಹೇಳಿಬಿಟ್ಟೆ ನೋಡಿ. ಈಗ ಸುಮಿತ್ರಾ ಒಳಗೆ ಬಟಾಣಿ ಸುಲಿಯುತ್ತ ಕೂತಿದ್ದಾಳೆ. ಅವ್ವ ನನ್ನ ತಂಗಿಯ ಮನೆಗೆ ಹೋಗಿದ್ದಾಳೆ, ಟಿ.ವಿ. ಬಂದ್ ಇದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ.