ಹೊಟ್ಟೆ ನೋಡಿದ ಕಲೆಕ್ಟರ್

ನಮ್ಮ ಮಾಮನ ಜ್ಞಾಪಕಶಕ್ತಿ ಅಸಾಧಾರಣವಾದದ್ದು. ನಡೆದದ್ದನ್ನು ನೆನಪಿಟ್ಟುಕೊಳ್ಳುವುದು ಯಾರಿಗೆ ಬರುವುದಿಲ್ಲ? ಮಾಮ ನಡೆಯದೇ ಇದ್ದದ್ದನ್ನೂ ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದಾರೆ!

ಮಾಮ ಎಂದರೆ ನನ್ನ ಅಮ್ಮನ ತಮ್ಮ. ಅಮ್ಮನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಹೆತ್ತವಳು ಬೇಗ ಹೋದದ್ದರಿಂದ ಅಮ್ಮನೇ ಅವರನ್ನು ಸಾಕಿದ್ದು. ಈಗ ವಯಸ್ಸು ಅರವತ್ತೆಂಟು. ಅವರನ್ನೇ ಕೇಳಿದರೆ ಅರವತ್ತೊಂದು, ಮಂಡಿ ನೋವಿದ್ದ ದಿನ ಎಪ್ಪತ್ತೈದು. ತಮಿಳುನಾಡಿನ ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಹಾಲು ಕರೆದು ಮುಗಿಸಿ ನಮ್ಮ ಜಗಲಿಗೆ ಬಂದು ಕೂತರೆಂದರೆ ಜಿಲ್ಲೆಯ ಇತಿಹಾಸ ಶುರುವಾಯಿತೆಂದೇ ಅರ್ಥ.

ನನ್ನದು ಬೇರೆ ಕಾಯಿಲೆ. ನಾನು ದಿನಚರಿ ಬರೆಯುವವಳು. ಯಾವ ದಿನ ಕರೆಂಟು ಎಷ್ಟು ಹೊತ್ತು ಹೋಗಿತ್ತು, ಯಾವ ಹಸು ಒದೆಯಿತು, ಯಾರು ಕಾಫಿ ಬೇಡವೆಂದು ಹೇಳಿ ಎರಡು ಲೋಟ ಕುಡಿದರು, ಎಲ್ಲವೂ ಉಂಟು. ಮೂವತ್ತೊಂದು ನೋಟುಬುಕ್ಕುಗಳು ಅಕ್ಕಿ ಡ್ರಮ್ಮಿನ ಮೇಲೆ ಸಾಲಾಗಿ ನಿಂತಿವೆ. ಮಾಮ ಬಾಯಿ ತೆರೆದರೆ ನಾನು ನೋಟುಬುಕ್ಕು ತೆರೆಯುತ್ತೇನೆ. ಇಬ್ಬರಿಗೂ ಅದೇ ವ್ಯಾಯಾಮ.

ಹೀಗಿರುವಾಗ ಹೋದ ತಿಂಗಳು ನನ್ನ ಮಗಳು ಕೊಯಮತ್ತೂರಿನಿಂದ ಫೋನು ಮಾಡಿ ಒಂದು ಪ್ರಶ್ನೆ ಕೇಳಿದಳು. ಅಮ್ಮನ ಒಂಬತ್ತನೆಯ ವರ್ಷದ ತಿಥಿ ಹತ್ತಿರ ಬಂದಿತ್ತು. "ಅಮ್ಮಾ, ಪಾಟ್ಟಿ ಎಪ್ಪಡಿ ಪೇಸುವಾಂಗ?" ಎಂದಳು. ಅಜ್ಜಿ ಹೇಗೆ ಮಾತಾಡುತ್ತಿದ್ದರು ಎಂದು. ಅವಳಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ನಾನು ಹೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ! ಅಮ್ಮನ ಮುಖ ಬಂತು, ಸೆರಗು ಬಂತು, ಅವಳು ಮಾಡುತ್ತಿದ್ದ ಹುರುಳಿ ಸಾರಿನ ವಾಸನೆ ಕೂಡ ಬಂತು. ಮಾತು ಬರಲಿಲ್ಲ.

ಭಯವೇನು, ಮೂವತ್ತೊಂದು ನೋಟುಬುಕ್ಕುಗಳಿವೆಯಲ್ಲ ಎಂದು ಕೆಳಗಿಳಿಸಿದೆ. ಅಮ್ಮ ಪುಟಪುಟದಲ್ಲೂ ಇದ್ದಳು, ಆದರೆ ತಮಿಳು ಮಾತಾಡುತ್ತಿದ್ದಳು! ನಮ್ಮದು ಮನೆಯೊಳಗಿನ ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಹೊತ್ತು ತಂದದ್ದು. ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತದ್ದೂ ಅದೇ, ಹಾಗಾಗಿ ಬರೆದದ್ದೂ ಅದರಲ್ಲೇ. ಈ ಕನ್ನಡ ಅಕ್ಷರ ನಾನು ಕಲಿತದ್ದು ನಲವತ್ತು ದಾಟಿದ ಮೇಲೆ. ತಮಿಳಿನಲ್ಲಿ ಉಪ್ಪು, ಸೀಮೆಎಣ್ಣೆ ಕೇಳುವುದರ ಆಚೆಗೆ ಹೋಗದ ನನ್ನ ಅಮ್ಮ, ನನ್ನ ಪುಸ್ತಕದಲ್ಲಿ ರೇಡಿಯೋ ವಾರ್ತೆಯವರ ಹಾಗೆ ಸ್ವಚ್ಛವಾಗಿ ಮಾತಾಡಿದ್ದಳು.

ಇನ್ನು ಉಳಿದದ್ದು ಮಾಮನ ತಲೆ. ಅದರ ಸ್ಥಿತಿ ಹೇಗೆಂದು ನೀವೇ ನೋಡಿ. ಪುಳ್ಳೆ ಎಂದರೆ ಮಗು, ಅವರ ಬಾಯಲ್ಲಿ ನಾನು ಇಂದಿಗೂ ಅದೇ.

"ಕಾಲುವೆ ನೋಡಕ್ಕೆ ಕಲೆಕ್ಟರ್ ಬಂದ್ರಲ್ಲ ಪುಳ್ಳೆ, ಅವತ್ತು ನನ್ನ ಕಂಡ ತಕ್ಷಣ ಕಾರು ನಿಂತ್ಬುಡ್ತು. ಕಿಟಕಿ ಕಣ್ಣಾಡಿ ಇಳಿಸಿದ್ರು. 'ಏನ್ಲೇ ಒಣಕಲಾ, ಉಂಡ್ಯಾ?' ಅಂದ್ರು. 'ಉಂಡೆ ಸಾರ್' ಅಂದೆ. 'ಸುಳ್ ಹೇಳ್ಬ್ಯಾಡ, ಹೊಟ್ಟೆ ತೋರ್ಸು' ಅಂದ್ರು. ತೋರಿಸ್ದೆ. 'ಸರಿ, ಹೋಗು' ಅಂದ್ರು. ಎಂಥಾ ಮನುಷ್ಯ!"

"ಮಾಮ, ಆ ಕಲೆಕ್ಟರ್ ಯಾವ ಊರವರು?"

"ದಿಲ್ಲಿ ಕಡೆ."

"ಅವರಿಗೆ ತಮಿಳೇ ನೆಟ್ಟಗೆ ಬರ್ತಿರಲಿಲ್ಲ. ನಮ್ಮ ಮನೆ ಮಾತು ಯಾರು ಕಲಿಸಿದ್ರು?"

"ಓದ್ದೋರು, ಪುಳ್ಳೆ. ಓದ್ದೋರಿಗೆ ಬರ್ದೆ ಇರ್ತದಾ?"

ನಾನು ನೋಟುಬುಕ್ಕು ತಂದು ಓದಿದೆ: "ಮಧ್ಯಾಹ್ನ ಕಲೆಕ್ಟರ್ ಕಾರು ಹೋಯಿತು. ನಿಲ್ಲಲಿಲ್ಲ. ಕಿಟಕಿ ಮುಚ್ಚಿತ್ತು. ಒಣಗಲು ಹಾಕಿದ್ದ ಮೆಣಸಿನಕಾಯಿ ಮೇಲೆಲ್ಲ ಧೂಳು."

ಮಾಮ ಒಂದಿಷ್ಟೂ ಅಲುಗಲಿಲ್ಲ. "ನೀನು ಧೂಳು ನೋಡ್ತಿದ್ದೆ. ನಾನು ಕಲೆಕ್ಟರ್ ನೋಡ್ತಿದ್ದೆ" ಎಂದರು!

ಕಲೆಕ್ಟರ್ ಒಬ್ಬರಾದರೆ ಹೋಗಲಿ ಎನ್ನಬಹುದು. ಲಾರಿಯಲ್ಲಿ ಕ್ಯಾರೆಟ್ ತರಲು ಕೊಡೈಕಾನಲ್‌ಗೆ ಹೋಗಿದ್ದಾಗ ಕುದುರೆ ಮೇಲೆ ಬರುತ್ತಿದ್ದ ಬಿಳಿ ದೊರೆಸಾನಿಯೊಬ್ಬಳು ಲಗಾಮು ಎಳೆದು ನಿಂತು, "ಏನ್ಲೇ ಒಣಕಲಾ, ಉಂಡ್ಯಾ?" ಎಂದಳಂತೆ. ಅವಳಿಗೂ ಅದೇ ಸಂಶಯ, ಅವಳಿಗೂ ಹೊಟ್ಟೆ ನೋಡಬೇಕಂತೆ! "ಚಳಿಗೆ ಮೂರು ಅಂಗಿ ಹಾಕಿದ್ದೆ. ಒಂದೊಂದಾಗಿ ಎತ್ತೋ ತನಕ ಪಾಪ, ಆ ಕುದುರೆ ಕಾದು ನಿಂತಿತ್ತು" ಎಂದು ಮಾಮ ಇಂದಿಗೂ ಕುದುರೆಗಾಗಿ ಮರುಗುತ್ತಾರೆ. ಆಂಡಿಪಟ್ಟಿಯ ಬಸ್ ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲು ಹೊಟ್ಟೆ ತಪಾಸಣೆ ಮಾಡಿದ್ದಾನೆ. ಸಬ್‌ಇನ್ಸ್‌ಪೆಕ್ಟರು ಲಾಠಿ ಪಕ್ಕಕ್ಕಿಟ್ಟು ಮಾಡಿದ್ದಾನೆ. ತೇನಿ ಜಿಲ್ಲೆಯಲ್ಲಿ ಯಾರಿಗೂ ಮಾಮನ ಹೊಟ್ಟೆ ಬಿಟ್ಟು ಬೇರೆ ಕೆಲಸವೇ ಇರಲಿಲ್ಲವೆ?

ಇನ್ನೂ ಕೇಡಿನ ಸಂಗತಿಯೆಂದರೆ ಇದು ಅಂಟುಜಾಡ್ಯ. ನಮ್ಮ ಮನೆಯವರು ಮೊನ್ನೆ, "ಕಲೆಕ್ಟರ್ ಚಿನ್ನದ ಕಟ್ಟಿನ ಕನ್ನಡಕ ಹಾಕಿದ್ರು, ನಾನೇ ಕಣ್ಣಾರೆ ನೋಡಿದ್ದೀನಿ" ಎಂದರು. ನೋಟುಬುಕ್ಕು ತೆಗೆದು ನೋಡಿದರೆ ಆ ದಿನ ಇವರು ಆಡು ಕೊಳ್ಳಲು ಆಂಡಿಪಟ್ಟಿಗೆ ಹೋಗಿದ್ದರು! ನಗಬೇಕೆನ್ನುವಷ್ಟರಲ್ಲಿ ನನಗೇ ಗಾಬರಿಯಾಯಿತು. ಕಾರಿನ ಕಿಟಕಿಯಂಚಿನ ಮೇಲೆ ಇಟ್ಟ ಒಂದು ಕೈ, ಅದರಲ್ಲಿ ದೊಡ್ಡ ಗಡಿಯಾರ, ನನಗೂ ಸ್ಪಷ್ಟವಾಗಿ ಕಾಣುತ್ತದೆ. ಕಿಟಕಿ ಮುಚ್ಚಿತ್ತೆಂದು ಬರೆದವಳು ನಾನೇ. ಆದರೂ ಗಡಿಯಾರ ಟಿಕ್ ಟಿಕ್ ಎನ್ನುತ್ತದೆ! ನೆನಪೆಂದರೆ ಉಪ್ಪಿನಕಾಯಿ ಜಾಡಿಯಿರಬೇಕು. ಮುಟ್ಟದೆ ಇಟ್ಟದ್ದು ಹಾಗೇ ಇರುತ್ತದೆ. ದಿನಾ ಬಿಚ್ಚಿ ಹಸಿ ಚಮಚ ಹಾಕಿದ್ದರ ರುಚಿ ದಿನಕ್ಕೊಂದು. ಇಷ್ಟದ ಉಪ್ಪಿನಕಾಯಿಯೇ ಬೇಗ ಕೆಡುವುದು.

ಇಂಥ ತಲೆಯ ಮುಂದೆ ಹೋಗಿ ಕೇಳಿದೆ. "ಮಾಮ, ಅಮ್ಮ ಹೇಗೆ ಮಾತಾಡ್ತಿದ್ದಳು? ಒಂದೇ ಒಂದು ಮಾತು ಹೇಳಿ. ಮಗಳಿಗೆ ಬೇಕಂತೆ." ಸುಳ್ಳಾದರೂ ಪರವಾಗಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆ.

ಮಾಮ "ಅಕ್ಕನಾ?" ಎಂದರು. "ಅಕ್ಕ ಏನ್ ಹೇಳ್ತಿದ್ಲು... ಒಂದೂ ಗ್ಯಾಪಕ ಬರ್ತಿಲ್ಲ ಪುಳ್ಳೆ."

ನೋಡಿದಿರಾ! ಕುದುರೆ ಕಾದದ್ದು ನೆನಪಿದೆ. ಸಾಕಿದ ಅಕ್ಕನ ಒಂದು ಮಾತು ನೆನಪಿಲ್ಲ. ಒಂದು ದಿನವೆಲ್ಲ ನಾನು ಅವರಿಗೆ ಕಾಫಿ ಕೊಡಲಿಲ್ಲ, ಅದನ್ನೂ ಬರೆದಿಟ್ಟಿದ್ದೇನೆ.

ತಿಥಿಯ ದಿನ ಮಗಳು ಬಂದಳು. ಎಡೆ ಇಟ್ಟಾಯಿತು, ಎರಡು ಪಂಕ್ತಿ ಊಟವೂ ಆಯಿತು. ಮಾಮ ಮಾತ್ರ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದರು. ಕೈಯಲ್ಲಿ ಸಾರಿನ ಪಾತ್ರೆ ಹಿಡಿದೇ ಹೊರಗೆ ಬಂದೆ, ಹಿಂದೆಯೇ ಮಗಳೂ ಬಂದಳು.

"ಮಾಮ, ಉಂಡ್ರಾ?"

"ಉಂಡೆ, ಉಂಡೆ. ನೀ ಹೋಗು."

ಮಗಳನ್ನು ನಗಿಸೋಣವೆಂದು, ಜನ್ಮದಲ್ಲಿ ಮೊದಲ ಬಾರಿ ಮಾಮನಿಗೆ ಏಕವಚನ ಹಾಕಿ, ಕಲೆಕ್ಟರ್ ಗತ್ತಿನಲ್ಲಿ ಅಂದೆ: "ಸುಳ್ ಹೇಳ್ಬ್ಯಾಡ, ಹೊಟ್ಟೆ ತೋರ್ಸು!"

ಮಾಮ ತಟ್ಟನೆ ಎದ್ದು ನಿಂತು ಅಂಗಿ ಎತ್ತಿಬಿಟ್ಟರು.

ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಿಲ್ಲಿಸಿದಳು. ಮಾಮ ಅಂಗಿ ಇಳಿಸಲಿಲ್ಲ. ಎರಡೂ ಕೈಯಲ್ಲಿ ಅಂಚು ಹಿಡಿದು, ಒಳಗೆಳೆದ ಹೊಟ್ಟೆ ತೋರಿಸುತ್ತಾ, ಏಳು ವರ್ಷದವನ ಹಾಗೆ ನನ್ನ ಮುಖ ನೋಡುತ್ತಾ ನಿಂತಿದ್ದರು.

"ಅಕ್ಕ ಅಲ್ವಾ ಹಂಗ್ ಕೇಳೋದು..." ಎಂದರು ಮೆಲ್ಲಗೆ. "ಇರೋ ಮುದ್ದೆ ಒಬ್ರಿಗೇ ಆಗ್ತಿತ್ತು. ನಾನು ಉಂಡೆ ಅಂತಿದ್ದೆ. ಹೊಟ್ಟೆ ನೋಡಿ ಸುಳ್ ಹಿಡಿದ್ಬುಡ್ತಿದ್ಲು. ಅವಳೂ ಉಂಡೆ ಅಂತಾನೇ ಹೇಳ್ತಿದ್ಲು ಪುಳ್ಳೆ. ಅವಳ ಹೊಟ್ಟೆ ಯಾರ್ ನೋಡಿದ್ರು?"

ನಾನು ಎಲೆ ಹಾಕಿದೆ. ಮಾಮ ಕೂತರು. ಮಗಳು ಎದುರಿಗೆ ಕೂತು, ತಡವರಿಸುತ್ತಾ, ನಮ್ಮ ಮಾತಿನಲ್ಲೇ ಕೇಳಿದಳು: "ತಾತಾ, ಆ ಕಲೆಕ್ಟರ್ ಕತೆ ಹೇಳು." ಮಾಮ ಹೇಳಿದರು. ಕುದುರೆಯ ಕತೆ, ಕಂಡಕ್ಟರ್ ಕತೆ, ಒಂದೂ ಬಿಡಲಿಲ್ಲ. ನಾನು ನೋಟುಬುಕ್ಕು ತರಲು ಎದ್ದೇಳಲಿಲ್ಲ.

ಸಂಜೆ ಎಂದಿನಂತೆ ಬರೆದೆ. ಹಾಲು ಆರು ಲೀಟರು, ಕರೆಂಟು ಹೋಗಲಿಲ್ಲ, ಸಾರಿಗೆ ಉಪ್ಪು ಸ್ವಲ್ಪ ಮುಂದು. ಅದರ ಕೆಳಗೆ, ಮೂವತ್ತೊಂದು ಪುಸ್ತಕಗಳಲ್ಲಿ ಮೊದಲ ಸಲ ಕನ್ನಡ ಅಕ್ಷರದಲ್ಲಿ, ಇನ್ನೊಂದು ಸಾಲು ಸೇರಿಸಿದೆ:

"ಮಧ್ಯಾಹ್ನ ಕಲೆಕ್ಟರ್ ಬಂದಿದ್ದರು. ಕಾರು ನಿಂತಿತು. ಕಿಟಕಿ ತೆರೆದಿತ್ತು."